ಎದ್ದು ನಿಲ್ಲದ ಅತ್ತೆ

ನಮ್ಮತ್ತೆಗೆ ಲಾಂಡ್ರಿಯಲ್ಲಿ ‘ಉಗಿಬಂಡಿ’ ಅಂತ ಅಡ್ಡಹೆಸರು. ಯಾರಿಟ್ಟರೋ ಗೊತ್ತಿಲ್ಲ, ಇಟ್ಟವರಿಗೆ ಕಣ್ಣಿತ್ತು. ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಮಂಚದಷ್ಟು ಅಗಲದ ಉಗಿ ಇಸ್ತ್ರಿಯ ಯಂತ್ರ ಒಂದಿದೆ. ಒದ್ದೆ ಚಾದರ ಹಾಸಿ, ಮೇಲಿನ ಮುಚ್ಚಳವನ್ನು ಹಿಡಿಕೆ ಹಿಡಿದು ಕೆಳಗೆಳೆದರೆ ಬುಸ್ ಅಂತ ಬಿಳಿ ಉಗಿ ಎದ್ದು ಕೋಣೆ ತುಂಬುತ್ತದೆ. ಆ ಉಗಿಯ ನಡುವೆ, ಮೊಣಕೈ ತನಕ ತೋಳು ಮಡಚಿ, ಹಣೆಗೊಂದು ಬಟ್ಟೆ ಬಿಗಿದು ಅತ್ತೆ ತಮ್ಮ ಮದುವೆಗೂ ಮುಂಚಿನಿಂದ ನಿಂತಿದ್ದರು. ಆಸ್ಪತ್ರೆಯ ಚಾದರ, ಹೋಟೆಲಿನ ಮೇಜುಬಟ್ಟೆ, ಪೊಲೀಸರ ಅಂಗಿ, ಮದುವೆಮನೆಯ ಪರದೆ, ಊರಿನ ಮರ್ಯಾದೆಯೆಲ್ಲ ಅವರ ಕೈಯಲ್ಲಿ ಸುಕ್ಕು ಬಿಡಿಸಿಕೊಂಡು ಹೋಗುತ್ತಿತ್ತು. ಮಾತೂ ಹಾಗೇ, ಕಡ್ಡಿ ಮುರಿದ ಹಾಗೆ. ಅಡ್ಡಗೋಡೆಯ ಮೇಲೆ ದೀಪ ಇಡುವ ಅಭ್ಯಾಸ ಆ ಜೀವಕ್ಕೆ ಇರಲಿಲ್ಲ.

ನಾನು ಅದೇ ಲಾಂಡ್ರಿಯ ಮುಂದಿನ ಕೋಣೆಯಲ್ಲಿ ಗುಂಡಿ ಹೊಲಿಯುವ ಕೆಲಸಕ್ಕಿದ್ದೆ. ಅವರ ಮಗ ಲಾಂಡ್ರಿಯ ವ್ಯಾನು ಓಡಿಸುತ್ತಿದ್ದ. ನಮ್ಮ ಮದುವೆಯ ಮಾತುಕತೆ ಆ ಯಂತ್ರದ ಪಕ್ಕದಲ್ಲೇ ಮುಗಿಯಿತು. “ನನ್ನ ಮಗನ್ನ ಮಾಡ್ಕೋತೀಯಾ? ಬುದ್ಧಿ ಸ್ವಲ್ಪ ನಿಧಾನ, ಮನಸ್ಸು ಚೆನ್ನಾಗಿದೆ. ಅವನಿಗೆ ಗುಂಡಿ ಕಿತ್ಕೊಳ್ಳೋಕೆ ಬರುತ್ತೆ, ನಿನಗೆ ಹೊಲಿಯೋಕೆ ಬರುತ್ತೆ. ಇನ್ನೇನು ಬೇಕು?” ಅಂದರು. ನಾನು ನಕ್ಕೆ. ನಕ್ಕಿದ್ದೇ ಒಪ್ಪಿಗೆ ಅಂತ ಮುಚ್ಚಳ ಎಳೆದು ಬುಸ್ ಅನ್ನಿಸಿದರು.

ಮದುವೆಯಾದ ಮೇಲೆ ನಾನೂ ಅವರ ಸಭೆಗೆ ಸೇರಿದೆ. ದೊಡ್ಡ ಗೋಪುರ, ಗಂಟೆ ಇರುವ ಚರ್ಚಲ್ಲ. ಬಣ್ಣದಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಉದ್ದನೆಯ ಕೋಣೆ, ಅದರಲ್ಲಿ ಮರದ ಬೆಂಚುಗಳು, ಮುಂದೆ ಬಿಳಿ ಬಟ್ಟೆ ಹಾಸಿದ ಮೇಜು. ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುವಾಗಲೂ ಕೆಳಗಿನ ಅಂಗಡಿಯ ಟರ್ಪಂಟೈನ್ ವಾಸನೆ ಮೂಗಿಗೆ ಬಡಿಯುತ್ತಿತ್ತು. ಭಾನುವಾರ ಪ್ರಭುವಿನ ನೆನಪಿಗೆ ಆ ಮೇಜಿನ ಮೇಲಿನ ರೊಟ್ಟಿಯನ್ನು ಮುರಿದು ಎಲ್ಲರೂ ಹಂಚಿಕೊಳ್ಳುತ್ತಿದ್ದೆವು. ಹೆಂಗಸರು ಹಾಡಬಹುದು, ಮಾತಾಡುವ ಹಾಗಿಲ್ಲ.

ಸಭೆಯ ಹಿರಿಯರು ಬೇರೆ ಯಾರೂ ಅಲ್ಲ, ಅತ್ತೆಯ ಸ್ವಂತ ಅಣ್ಣ. ಅವರದು ಕನ್ನಡಕದ ಅಂಗಡಿ. ಹಾಗಾಗಿ ಮನೆಯಲ್ಲಿ ನಮಗೆಲ್ಲ ಕನ್ನಡಕದ ಮಾವ. ಅತ್ತೆಯ ಅಪ್ಪ ಅಮ್ಮ ಒಂದೇ ಜ್ವರದಲ್ಲಿ ಹೋದರಂತೆ. ಆಗ ಅತ್ತೆ ಇನ್ನೂ ಜಡೆ ಹಾಕಿಕೊಳ್ಳಲು ಬಾರದ ಹುಡುಗಿ. ಸಾಕಿದ್ದು, ಓದು ಕಲಿಸಿದ್ದು, ಮದುವೆ ಮಾಡಿದ್ದು, ಗಂಡ ತೀರಿಹೋದಾಗ ಬಂದು ಬಾಗಿಲಲ್ಲಿ ನಿಂತಿದ್ದು ಎಲ್ಲವೂ ಆ ಅಣ್ಣನೇ. ಅಣ್ಣ ಹಾಕಿದ ಗೆರೆಯನ್ನು ಅತ್ತೆ ದಾಟಿದ್ದನ್ನು ಯಾರೂ ನೋಡಿರಲಿಲ್ಲ.

ಆ ಗೆರೆಗಳಲ್ಲಿ ಒಂದು, ಓಟು ಹಾಕಬಾರದು ಅನ್ನುವುದು. “ನಾವು ಮೇಲಿನ ರಾಜ್ಯದವರು. ಇಲ್ಲಿ ಬಾಡಿಗೆಗೆ ಇದ್ದೀವಿ. ಬಾಡಿಗೆಯವನು ಗೋಡೆಗೆ ಯಾವ ಬಣ್ಣ ಹೊಡೀಬೇಕು ಅಂತ ಜಗಳ ಆಡ್ತಾನಾ?” ಅಂತ ಕನ್ನಡಕದ ಮಾವ ಪ್ರತಿ ಚುನಾವಣೆಗೂ ಹೇಳುತ್ತಿದ್ದರು. ಮತದಾನದ ದಿನ ಬೆಳಗ್ಗೆಯೇ ಎಲ್ಲರನ್ನೂ ಮಹಡಿಗೆ ಕರೆಸಿ, ಒಳಗಿನಿಂದ ಚಿಲಕ ಹಾಕಿ, ಸಂಜೆ ಮತಗಟ್ಟೆ ಮುಚ್ಚುವ ತನಕ ಪ್ರಾರ್ಥನೆ ನಡೆಸುತ್ತಿದ್ದರು. ಕೆಳಗೆ ಬೀದಿಯಲ್ಲಿ ಊರೆಲ್ಲ ಸಾಲು ನಿಂತಿರುತ್ತಿತ್ತು, ನಾವು ಮೇಲೆ ಮೊಣಕಾಲೂರಿರುತ್ತಿದ್ದೆವು. ಅತ್ತೆ ಒಂದೇ ಒಂದು ಸಲವೂ ತಪ್ಪಿಸಿಕೊಂಡವರಲ್ಲ.

ಹೀಗಿರುವಾಗ ಸಭೆಗೆ ಒಬ್ಬ ಕಂಟ್ರಾಕ್ಟರು ಬಂದು ಸೇರಿದರು. ಊರಿನ ಅರ್ಧ ಕಟ್ಟಡಗಳು ಅವರು ಕಟ್ಟಿದ್ದು. ಬಿಳಿ ಕಾರು, ಬಿಳಿ ಬೂಟು, ಸಕ್ಕರೆ ಹಾಕಿ ಕಲಸಿದಂಥ ಮಾತು. ಎಲ್ಲರ ಹೆಸರನ್ನೂ ನೆನಪಿಟ್ಟುಕೊಂಡು “ಸಹೋದರೀ, ಮೊಣಕಾಲು ನೋವು ಹೇಗಿದೆ?” ಅಂತ ಕೇಳುವ ಮನುಷ್ಯ. ಕೆಟ್ಟವರು ಅಂತ ಯಾರೂ ಅನ್ನುತ್ತಿರಲಿಲ್ಲ. ಅತ್ತೆಯೂ ಅನ್ನಲಿಲ್ಲ. ಎರಡು ವರ್ಷ ಹಿಂದಿನ ಬೆಂಚಿನಲ್ಲಿ ಕೂತವರು ಮೂರನೆಯ ವರ್ಷ ನಗರಸಭೆಯ ಚುನಾವಣೆಗೆ ನಿಂತರು.

ಆ ಭಾನುವಾರ ನನಗೆ ಚೆನ್ನಾಗಿ ನೆನಪಿದೆ. ಹಾಡು ಮುಗಿದ ಮೇಲೆ ಕಂಟ್ರಾಕ್ಟರು ಒಂದು ದೊಡ್ಡ ನಕ್ಷೆಯನ್ನು ಗೋಡೆಗೆ ಅಂಟಿಸಿದರು. ಹೊಸ ಸಭಾಮನೆಯ ಚಿತ್ರ. ಕಮಾನಿನ ಬಾಗಿಲು, ಉದ್ದ ಕಿಟಕಿಗಳು, ಮುಂದೆ ಹುಲ್ಲು. ಮಹಡಿ ಹತ್ತಿ ಹತ್ತಿ ಉಸಿರು ಬಿಡುತ್ತಿದ್ದ ಮುದುಕಿಯರೆಲ್ಲ ಬಾಯಿ ತೆರೆದು ನೋಡಿದರು. “ಎಲ್ಲಿ ಕಟ್ಟೋದು?” ಅಂತ ಯಾರೋ ಕೇಳಿದರು.

“ನಮ್ಮ ಬೀದಿ ಮೂಲೆಯಲ್ಲೇ. ಈಗ ಆಸರೆ ಮನೆ ಇದೆಯಲ್ಲ, ಆ ಜಾಗದಲ್ಲಿ. ನಾನು ನಗರಸಭೆಗೆ ಬಂದ ಕೂಡಲೇ ಅದನ್ನ ಊರಾಚೆ ಸ್ಥಳಾಂತರ ಮಾಡ್ತೀವಿ. ಮುಂದಿನ ಭಾಗದಲ್ಲಿ ಅಂಗಡಿ ಸಾಲು, ಹಿಂದೆ ನಮ್ಮ ಸಭಾಮನೆ,” ಅಂದರು ಕಂಟ್ರಾಕ್ಟರು.

ಆಸರೆ ಮನೆ ಅಂದರೆ ಯಾರೂ ಬೇಡ ಅಂದವರ ಮನೆ. ಹುಟ್ಟಿದಾಗಲೇ ಬುದ್ಧಿ ಬೆಳೆಯದವರು, ಕೈಕಾಲು ಸ್ವಾಧೀನ ಇಲ್ಲದವರು, ಮನೆಯವರು ತಂದು ಬಾಗಿಲಲ್ಲಿ ಬಿಟ್ಟು ತಿರುಗಿ ನೋಡದೆ ಹೋದವರು, ಹೀಗೆ ಮೂವತ್ತು ನಲವತ್ತು ಜನ ಅಲ್ಲಿದ್ದರು. ಅವರ ಚಾದರಗಳು ನಮ್ಮ ಲಾಂಡ್ರಿಗೇ ಬರುತ್ತಿದ್ದವು. ಅತ್ತೆ ಅವುಗಳನ್ನು ಹೋಟೆಲಿನ ಚಾದರಕ್ಕಿಂತ ಮೆತ್ತಗೆ ಮಡಚುತ್ತಿದ್ದರು. ತಾವೇ ವ್ಯಾನಿನಲ್ಲಿ ಹೋಗಿ ಹಾಸಿಬರುವುದೂ ಇತ್ತು. ಊರಾಚೆಯ ಆ ಜಾಗವೂ ನಮಗೆ ಗೊತ್ತಿತ್ತು. ಊರಿನ ಕಸವೆಲ್ಲ ಹೋಗಿ ಬೀಳುವ ಗುಂಡಿಯ ಪಕ್ಕದ ಬಯಲು. ಅಲ್ಲಿ ಹಗಲಿಡೀ ಹೊಗೆ.

ಕನ್ನಡಕದ ಮಾವ ಎದ್ದು ನಿಂತರು. ಗಂಟಲು ಸರಿಮಾಡಿಕೊಂಡರು. “ಇಷ್ಟು ವರ್ಷ ಓಟಿನ ವಿಷಯದಲ್ಲಿ ನಾವು ದೂರ ಇದ್ದೆವು. ಈಗ ದೇವರು ನನಗೆ ಹೊಸ ಬೆಳಕು ಕೊಟ್ಟಿದ್ದಾನೆ. ಓಟು ಹಾಕೋದು ವಿಶ್ವಾಸಿಯ ಕರ್ತವ್ಯ. ಹಾಕದವನು ಸಪ್ಪೆ ಉಪ್ಪು, ಯಾವುದಕ್ಕೂ ಬಾರದವನು,” ಅಂದರು. ನಾವೆಲ್ಲ ಮುಖ ಮುಖ ನೋಡಿಕೊಂಡೆವು. ಅವರು ನಮ್ಮ ಕಡೆ ನೋಡದೆ ನಕ್ಷೆಯ ಕಡೆ ನೋಡುತ್ತಾ ಮುಂದುವರಿಸಿದರು. “ನಮ್ಮ ಸಹೋದರನಿಗೇ ಓಟು ಹಾಕ್ತೀವಿ ಅಂತ ದೇವರ ಮುಂದೆ ಒಪ್ಪಿಕೊಳ್ಳೋರು ಎದ್ದು ನಿಲ್ಲಿ.”

ಬೆಂಚುಗಳು ಕಿರಗುಟ್ಟಿದವು. ಮುಂದಿನ ಸಾಲು ಎದ್ದಿತು, ಅದರ ಹಿಂದಿನ ಸಾಲು ಎದ್ದಿತು. ನನ್ನ ಗಂಡ ಎದ್ದ. ನಾನು ಅರ್ಧ ಎದ್ದು ಪಕ್ಕಕ್ಕೆ ನೋಡಿದರೆ ಅತ್ತೆ ಕೂತೇ ಇದ್ದರು. ಎರಡು ಕೈಯನ್ನೂ ಮಡಿಲಲ್ಲಿಟ್ಟುಕೊಂಡು, ಬೆನ್ನು ನೆಟ್ಟಗೆ. ಎದ್ದದ್ದೂ ಅಲ್ಲ, ಕೂತದ್ದೂ ಅಲ್ಲ ಅನ್ನುವ ಹಾಗೆ ನಾನು ನಡುವೆ ತೂಗಾಡಿ ಕೊನೆಗೆ ಕೂತೆ. ತಾಯಿಯನ್ನು ನೋಡಿ ನನ್ನ ಗಂಡನೂ ಕೂತ.

ಕನ್ನಡಕದ ಮಾವ ನೋಡಿದರು. ತಂಗಿಗೆ ಒಂದು ದಾರಿ ಬಿಟ್ಟುಕೊಡುವವರ ಹಾಗೆ ಮೆಲ್ಲಗೆ ಕೇಳಿದರು, “ಏನಮ್ಮ, ಕಾಲು ನೋವಾ?”

“ಕಾಲು ಗಟ್ಟಿಯಾಗಿದೆ ಅಣ್ಣ,” ಅಂದರು ಅತ್ತೆ. “ದಿನಾ ನಿಂತೇ ಇರ್ತೀನಿ. ಇವತ್ತು ಕೂತಿದೀನಿ.”

“ಹೆಂಗಸರು ಇಲ್ಲಿ ಮಾತಾಡೋ ಹಾಗಿಲ್ಲ,” ಅಂತ ಮುಂದಿನ ಸಾಲಿನ ಒಬ್ಬರು ಹಲ್ಲು ಕಚ್ಚಿ ಅಂದರು.

“ಕೇಳಿದ್ದು ಅವರು. ನಾನು ಉತ್ತರ ಕೊಟ್ಟೆ ಅಷ್ಟೆ,” ಅಂದು ಅತ್ತೆ ಬಾಯಿ ಮುಚ್ಚಿದರು.

ಸಂಜೆಗೇ ಕನ್ನಡಕದ ಮಾವ ನಮ್ಮ ಮನೆಗೆ ಬಂದರು. ಜೊತೆಗೆ ಅವರ ಹೆಂಡತಿ, ನಾನು ದೊಡ್ಡತ್ತೆ ಅಂತ ಕರೆಯುತ್ತಿದ್ದವರು. ಹಾಡಿಗೆ ಮೊದಲ ಸಾಲು ಎತ್ತಿಕೊಡುವುದು ಬಿಟ್ಟರೆ ಆಕೆಯ ಧ್ವನಿ ಹೇಗಿದೆ ಅಂತ ಅರ್ಧ ಸಭೆಗೆ ಗೊತ್ತಿರಲಿಲ್ಲ. ಗಂಡ ಕೂತ ಕುರ್ಚಿಯ ಹಿಂದೆ, ಕೈಚೀಲ ಅಪ್ಪಿಕೊಂಡು ನಿಂತರು. ನಾನು ಟೀ ತಂದಿಟ್ಟೆ. ಮಾವ ಮುಟ್ಟಲಿಲ್ಲ.

“ನಾಲ್ಕು ಜನರ ಮುಂದೆ ನನ್ನ ಮುಖಕ್ಕೆ ಮಸಿ ಬಳಿದೆ,” ಅಂದರು.

“ನಾನು ಕೂತಿದ್ದಕ್ಕೆ ನಿನಗೆ ಮಸಿ ಆಯ್ತಾ? ಹಾಗಾದ್ರೆ ನಿಲ್ಲಿ ಅಂತ ಕೇಳಬಾರದಿತ್ತು.”

“ಅವನು ವಿಶ್ವಾಸಿ. ನಮ್ಮವನು. ಎದುರು ನಿಂತಿರೋಳು ಯಾರು? ಆ ನರ್ಸು. ಪ್ರಾರ್ಥನೆಗೇ ಹೋಗದವಳು. ದೇವರಿದ್ದಾನಾ ಅಂತ ಕೇಳಿದ್ರೆ ಗೊತ್ತಿಲ್ಲ ಅನ್ನೋಳು. ನಿನ್ನ ಓಟು ಅಂಥವಳಿಗಾ?”

ನರ್ಸಮ್ಮ ಅಂದರೆ ಆಸರೆ ಮನೆಯಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಸೈಕಲ್ಲಿನಲ್ಲೇ ಮನೆ ಮನೆಗೆ ಹೋಗಿ ಓಟು ಕೇಳುತ್ತಿದ್ದರು. ಆಸರೆ ಮನೆಯನ್ನು ಅಲುಗಾಡಿಸಲು ಬಿಡುವುದಿಲ್ಲ ಅನ್ನುವುದೊಂದೇ ಅವರ ಮಾತು.

“ಆಕೆ ದೇವರನ್ನ ನಂಬಲ್ಲ, ಸರಿ,” ಅಂದರು ಅತ್ತೆ. “ದೇವರು ಆಕೇನ ನಂಬಿದಾನಲ್ಲ. ನಂಬದೇ ಇದ್ರೆ ಆ ಜನಾನೆಲ್ಲ ಆಕೆ ಕೈಲಿ ಯಾಕೆ ಕೊಡ್ತಿದ್ದ? ನಾವು ಮೇಲೆ ಮಹಡೀಲಿ ಸ್ತೋತ್ರ ಹಾಡ್ತಿದ್ದಾಗ ಕೆಳಗೆ ಅವರ ಕುಂಡೆ ತೊಳೀತಿದ್ದೋಳು ಆಕೆ.”

“ಬಾಯಿ ಬಿಗಿಹಿಡಿದು ಮಾತಾಡು.”

“ಬಿಗಿಹಿಡಿದೇ ಮಾತಾಡ್ತಿದೀನಿ. ಬಿಟ್ರೆ ಇನ್ನೂ ಇದೆ.”

ಕನ್ನಡಕದ ಮಾವ ಕನ್ನಡಕ ತೆಗೆದು ಒರೆಸಿಕೊಂಡರು. ಅವರ ಧ್ವನಿ ತಗ್ಗಿತು. “ಸಭೆಗೆ ಒಂದು ಸ್ವಂತ ಜಾಗ ಆಗಲಿ ಅಂತ ನಾನು ಎಷ್ಟು ವರ್ಷದಿಂದ ಕಣ್ಣೀರು ಹಾಕಿದೀನಿ ನಿನಗೆ ಗೊತ್ತು. ನಿನ್ನ ಎತ್ತಿ ಆಡಿಸಿದೋನು ನಾನು. ಒಂದು ಸಲ ನನ್ನ ಮಾತು ಕೇಳಬಾರದಾ?”

ಅತ್ತೆಯ ಕಣ್ಣಲ್ಲಿ ನೀರು ಬಂತು. ಅದು ಕೆನ್ನೆಗಿಳಿಯಲು ಬಿಡದೆ ಮುಂಗೈಯಿಂದ ಒರೆಸಿಕೊಂಡರು.

“ನಿನ್ನ ಮಾತು ಕೇಳಿದ್ದಕ್ಕೇ ಅಣ್ಣ ಇದೆಲ್ಲ. ಪಕ್ಕದ ಮನೆ ಕುರುಡಜ್ಜನಿಗೆ ನಮ್ಮ ಪಾಲಿನ ರೊಟ್ಟಿ ಕೊಟ್ಟು ನನ್ನ ಹಸಿದ ಹೊಟ್ಟೇಲೇ ಮಲಗಿಸಿದ್ದು ಯಾರು? ನಾನು ಅಳ್ತಿದ್ದೆ. ಹೊಟ್ಟೆ ಅತ್ರೆ ಅಳಲಿ, ಆ ಅಜ್ಜ ನಕ್ಕಿದ್ದು ದೇವರಿಗೆ ಕೇಳಿಸುತ್ತೆ ಅಂತ ಹೇಳಿದ್ದು ಯಾರು? ನಾನು ಅದನ್ನೇ ಹಿಡ್ಕೊಂಡು ಬಂದೆ. ಈಗ ನೀನು ಕೈ ಬಿಟ್ಟೆ ಅಂತ ನಾನೂ ಬಿಡ್ಲಾ? ಕೈಕಾಲಿಲ್ಲದೋರನ್ನ ಎಬ್ಬಿಸಿ ಕಸದ ಹೊಗೆಗೆ ಹಾಕಿ, ಅವರು ಮಲಗಿದ್ದ ಜಾಗದಲ್ಲಿ ಕೂತು ನಾನು ಹಾಡಬೇಕಾ? ಗಂಟಲಿಂದ ಹಾಡು ಬರಲ್ಲ ಅಣ್ಣ.”

“ಸಭೆ ತೀರ್ಮಾನ ಮಾಡಿದೆ.”

“ಸಭೆಗೆ ನನ್ನ ಭಾನುವಾರ ಕೊಟ್ಟಿದೀನಿ, ಬುಧವಾರದ ಪ್ರಾರ್ಥನೆಗೆ ಸಂಜೆ ಕೊಟ್ಟಿದೀನಿ, ವಯಸ್ಸೇ ಕೊಟ್ಟಿದೀನಿ. ಓಟು ಕೊಡಲ್ಲ. ಹಾಕಬೇಡ ಅಂದಾಗ ಹಾಕಲಿಲ್ಲ. ಈಗ ಕರ್ತವ್ಯ ಅಂತ ನೀನೇ ಹೇಳಿದೀಯ. ಕರ್ತವ್ಯ ಅಂದ್ಮೇಲೆ ಅದು ನಂದು. ನಾಳೆ ಮೇಲೆ ಹೋದಾಗ ನೀನ್ಯಾಕೆ ಹಾಗೆ ಹಾಕಿದೆ ಅಂತ ದೇವರು ಕೇಳಿದ್ರೆ, ನೀನು ಬಂದು ನನ್ನ ಪರವಾಗಿ ನಿಲ್ತೀಯಾ?”

ಮಾವ ಎದ್ದು ಹೊರಟರು. ದೊಡ್ಡತ್ತೆ ಅವರ ಹಿಂದೆ ಹೋಗುವಾಗ, ಅವರು ಮುಟ್ಟದೆ ಬಿಟ್ಟ ಟೀಯನ್ನು ನಿಂತಲ್ಲೇ ಎತ್ತಿ ಕುಡಿದು ಲೋಟ ಕೆಳಗಿಟ್ಟರು. ಯಾಕೆ ಅಂತ ನನಗೆ ಆಗ ತಿಳಿಯಲಿಲ್ಲ.

ಮರುವಾರ ಕಂಟ್ರಾಕ್ಟರು ಲಾಂಡ್ರಿಗೇ ಬಂದರು. ಲಾಂಡ್ರಿಯ ಯಜಮಾನ ಕುರ್ಚಿ ಒರೆಸಿಕೊಂಡು ಹಿಂದೆ ಮುಂದೆ ಓಡಾಡಿದರು. ಕಂಟ್ರಾಕ್ಟರು ಕೂರಲಿಲ್ಲ, ನೇರ ಹಿಂದಿನ ಕೋಣೆಗೆ ಬಂದು ಉಗಿಯೊಳಗೆ ನಿಂತರು.

“ಅಮ್ಮಾ, ನೀವು ತಪ್ಪು ತಿಳ್ಕೊಂಡಿದೀರ. ಆ ಜನಕ್ಕೂ ಒಳ್ಳೇದೇ ಆಗೋದು. ಊರಾಚೆ ವಿಶಾಲವಾಗಿದೆ. ಗಾಳಿ ಬೆಳಕು ಚೆನ್ನಾಗಿರುತ್ತೆ.”

“ಅಷ್ಟು ಚೆನ್ನಾಗಿದ್ರೆ ಸಭಾಮನೆ ಅಲ್ಲೇ ಕಟ್ಟಿಸಿ,” ಅಂದರು ಅತ್ತೆ, ಚಾದರದ ಅಂಚು ಸರಿಮಾಡುತ್ತಾ. “ನಾವು ನಡೀತೀವಿ, ಕಾಲಿದೆ. ಅವರಿಗೆ ಇಲ್ಲ.”

ಕಂಟ್ರಾಕ್ಟರ ಮುಖದ ನಗು ಹಾಗೇ ಇತ್ತು. ಯಜಮಾನ “ಇವಳ ನಾಲಿಗೆಗೆ ಎಲುಬಿಲ್ಲ ಸಾರ್, ಮನಸ್ಸಿಗೆ ಹಚ್ಕೋಬೇಡಿ,” ಅಂತ ಕೈ ಹಿಸುಕಿಕೊಂಡರು. ಅತ್ತೆ ಮುಚ್ಚಳ ಎಳೆದರು. ಉಗಿ ತಿಳಿಯಾಗುವಷ್ಟರಲ್ಲಿ ಬಿಳಿ ಬೂಟು ಬಾಗಿಲ ಹೊರಗಿತ್ತು.

ಅದಾದ ಭಾನುವಾರ ಅತ್ತೆಯನ್ನು ಮೇಜಿನಿಂದ ದೂರ ಇಟ್ಟರು. ರೊಟ್ಟಿಯ ತಟ್ಟೆ ಸಾಲಿನಿಂದ ಸಾಲಿಗೆ ಕೈ ಬದಲಾಯಿಸುತ್ತಾ ಬಂತು. ಅತ್ತೆಯ ಮುಂದೆ ಬಂದಾಗ ಹಂಚುತ್ತಿದ್ದವರು ತಟ್ಟೆಯನ್ನು ಮೇಲಕ್ಕೆತ್ತಿ, ಅವರ ತಲೆಯ ಮೇಲಿನಿಂದ ನನಗೆ ಚಾಚಿದರು. “ನೀನು ತಗೋ, ನಿನಗ್ಯಾಕೆ ಉಪವಾಸ?” ಅಂತ ಅತ್ತೆ ಪಿಸುಗುಟ್ಟಿದರು. ನಾನು ತಗೊಳ್ಳಲಿಲ್ಲ. ತಟ್ಟೆ ಹಾಗೇ ಮುಂದೆ ಹೋಯಿತು. ಆಮೇಲೆ ಹಾಡು ಶುರುವಾದಾಗ ಅತ್ತೆ ಎಂದಿಗಿಂತ ಜೋರಾಗಿ ಹಾಡಿದರು. ಕೆಳಗಿನ ಬಣ್ಣದಂಗಡಿಯವನು ಹೊರಗೆ ಬಂದು ಮೇಲೆ ನೋಡಿದನಂತೆ. ಮನೆಗೆ ಬಂದ ಕೂಡಲೇ ಅಡುಗೆಮನೆಗೆ ಹೋದವರು ಬಾಗಿಲು ಎಳೆದುಕೊಂಡರು. ಒಳಗೆ ಪಾತ್ರೆ ತೊಳೆಯುವ ಸದ್ದು ಬಹಳ ಹೊತ್ತು ಬಂತು. ತೊಳೆಯಲು ಅಷ್ಟು ಪಾತ್ರೆಗಳು ಇರಲಿಲ್ಲ.

“ಬೇರೆ ಸಭೆಗೆ ಹೋಗೋಣ ಅಮ್ಮ,” ಅಂದ ನನ್ನ ಗಂಡ.

“ಯಾಕೆ? ಮನೆಗೆ ಇಲಿ ಬಂತು ಅಂತ ಮನೆ ಬಿಡ್ತಾರಾ?” ಅಂದರು. ಮುಂದಿನ ವಾರವೂ ಹೋದರು. ಅದರ ಮುಂದಿನ ವಾರವೂ ಹೋದರು. ತಟ್ಟೆ ತಲೆಯ ಮೇಲಿನಿಂದ ಹೋಗುತ್ತಲೇ ಇತ್ತು.

ಮತದಾನಕ್ಕೆ ಸ್ವಲ್ಪ ದಿನ ಇರುವಾಗ ಅತ್ತೆ ಆಸರೆ ಮನೆಗೆ ಚಾದರ ಕೊಡಲು ಹೋದವರು ಅಲ್ಲಿನ ಮೇಲ್ವಿಚಾರಕಿಯನ್ನು ಒಂದು ಮಾತು ಕೇಳಿದರು. “ಇವರಲ್ಲಿ ಓಟಿರೋರು ಯಾರಾದ್ರೂ ಇದಾರಾ?” ಬಹಳ ಜನಕ್ಕೆ ಇತ್ತು. ಕರೆದುಕೊಂಡು ಹೋಗುವವರು ಇಲ್ಲದೆ ಒಬ್ಬರೂ ಯಾವತ್ತೂ ಹಾಕಿರಲಿಲ್ಲ. ಅತ್ತೆ ಬಂದವರೇ ಲಾಂಡ್ರಿ ಯಜಮಾನರ ಮುಂದೆ ನಿಂತು ಆ ದಿನಕ್ಕೆ ವ್ಯಾನು ಕೇಳಿದರು. ಯಜಮಾನ ಕಂಟ್ರಾಕ್ಟರ ಹೆಸರು ಕೇಳಿದರೇ ಬೆವರುವವರು. ಆ ಕಡೆ ಈ ಕಡೆ ನೋಡಿ, “ವ್ಯಾನು ಕೊಡ್ತೀನಿ ಅಂತ ನಾನು ಹೇಳಲ್ಲ. ಅವತ್ತು ರಜ. ಕೀಲಿ ಯಾವ ಮೊಳೆಗೆ ನೇತುಹಾಕಿರ್ತೀನಿ ಅಂತ ನಿನ್ನ ಮಗನಿಗೆ ಗೊತ್ತು,” ಅಂದರು.

ಹೀಗೆ ಮತದಾನದ ದಿನ ಲಾಂಡ್ರಿಯ ವ್ಯಾನು ಮತಗಟ್ಟೆಯಾಗಿದ್ದ ಶಾಲೆಯ ಮುಂದೆ ಬಂದು ನಿಂತಿತು. ಒಳಗೆ ಕೊಳೆ ಬಟ್ಟೆಯ ಬದಲು ಮನುಷ್ಯರು. ಎರಡು ಊರುಗೋಲಿನ ಮೇಲೆ ನಡೆಯುವ ಕೋಲಜ್ಜಿ. ಆರಡಿ ಎತ್ತರದ ಪೀಪಿ, ಕಾರಿನ ಸದ್ದು ಕೇಳಿದರೆ ಚಪ್ಪಾಳೆ ತಟ್ಟುವ, ಐವತ್ತು ದಾಟಿದ ಮಗು. ಅವರ ಹಿಂದೆ ಇನ್ನೂ ಹಲವರು. ನಡೆಯಲಾಗದವರನ್ನು ಬಟ್ಟೆ ತಳ್ಳುವ ಚಕ್ರದ ಗಾಡಿಯಲ್ಲಿ ದಿಂಬಿಟ್ಟು ಕೂರಿಸಿ, ಅತ್ತೆ ಒಂದು ಕಡೆ ನಾನು ಒಂದು ಕಡೆ ತಳ್ಳಿದೆವು.

ಗೇಟಿನಲ್ಲಿ ಕಂಟ್ರಾಕ್ಟರ ಕಡೆಯ ಹುಡುಗರು ಅಡ್ಡ ನಿಂತರು. “ಏನಿದು? ತಲೆ ಸರಿ ಇಲ್ಲದೋರಿಗೂ ಓಟಾ?”

“ತಲೆ ಸರಿ ಇರೋರು ಇಷ್ಟು ವರ್ಷ ಹಾಕಿದೀರಲ್ಲ, ಊರು ಉದ್ಧಾರ ಆಯ್ತಾ?” ಅಂದರು ಅತ್ತೆ. “ದಾರಿ ಬಿಡ್ರಪ್ಪ. ಈ ಗಾಡಿಗೆ ಬ್ರೇಕಿಲ್ಲ.”

ಸಾಲಿನಲ್ಲಿದ್ದವರು ನಕ್ಕರು. ನಗು ಕೇಳಿ ಒಳಗಿನಿಂದ ಅಧಿಕಾರಿ ಬಂದರು, ವಯಸ್ಸಾದ ಗಂಭೀರ ಮನುಷ್ಯ. ಪಟ್ಟಿ ನೋಡಿ, “ಇವರ ಹೆಸರಿದೆ. ಹೆಸರಿದ್ದವರನ್ನ ತಡೆಯೋ ಅಧಿಕಾರ ನನಗೂ ಇಲ್ಲ, ನಿಮಗೂ ಇಲ್ಲ,” ಅಂದು ಹುಡುಗರನ್ನು ಸರಿಸಿದರು. ಸಾಲಿನಲ್ಲಿ ನಮ್ಮ ಸಭೆಯವರೂ ಇದ್ದರು. ಕೆಲವರು ನೆಲ ನೋಡಿದರು. ಒಬ್ಬಳು ಮುಂದೆ ಬಂದು ಗಾಡಿ ತಳ್ಳಲು ಕೈಹಾಕಿದಳು.

ಕೋಲಜ್ಜಿ ಅತ್ತೆಯ ಕೈ ಎಳೆದು ಕೇಳಿದಳು, “ಯಾರಿಗೆ ಹಾಕ್ಲಿ ಹೇಳು. ನೀನು ಹೇಳಿದೋರಿಗೇ ಹಾಕ್ತೀನಿ.”

ನನಗೆ ಗೊತ್ತು, ಆ ಹೆಸರು ಅತ್ತೆಯ ನಾಲಿಗೆಯ ತುದಿಯಲ್ಲಿತ್ತು. “ನಾನು ಹೇಳಲ್ಲ ಅಜ್ಜಿ,” ಅಂದರು. “ಇಂಥವರಿಗೇ ಹಾಕು ಅಂತ ನನಗೆ ಒಬ್ಬರು ಹೇಳಿದ್ದಕ್ಕೇ ಇಷ್ಟೆಲ್ಲ ರಾಮಾಯಣ ಆಗಿದ್ದು. ನಿನ್ನ ಮನಸ್ಸನ್ನ ಕೇಳು. ಹಾಕಿದ್ಮೇಲೆ ನನಗೂ ಹೇಳಬೇಡ.”

ಪೀಪಿ ಮಾತ್ರ ಹೊರಬಂದವನೇ ಊರಿಗೆಲ್ಲ ಕೇಳುವ ಹಾಗೆ ಹೇಳಿದ. “ಬಿಳಿ ಕಾರಿನವರಿಗೆ ಹಾಕಿದೆ! ಪೀಂ ಪೀಂ!” ಹುಡುಗರು ಹೋ ಅಂದರು. ಅತ್ತೆಯ ದವಡೆ ಬಿಗಿದದ್ದನ್ನು ನಾನು ನೋಡಿದೆ. ಒಂದು ಕ್ಷಣ ಅಷ್ಟೆ. “ಹಾಕಿದೆಯಲ್ಲ, ಜಾಣ,” ಅಂತ ಅವನ ಬೆನ್ನು ತಟ್ಟಿದರು. ವ್ಯಾನಿಗೆ ಹತ್ತಿಸುವಾಗ ನನ್ನ ಕಿವಿಯಲ್ಲಿ, “ಮುಂದಿನ ಸಲ ನರ್ಸಮ್ಮನ ಸೈಕಲ್ಲಿಗೆ ಒಂದು ದೊಡ್ಡ ಹಾರ್ನ್ ಹಾಕಿಸಬೇಕು ಕಣೇ,” ಅಂದರು.

ಎಲ್ಲರದೂ ಆದ ಮೇಲೆ ಅತ್ತೆ ಒಳಗೆ ಹೋದರು. ಬದುಕಿನಲ್ಲಿ ಮೊದಲನೆಯ ಓಟು. ಪರದೆಯ ಹಿಂದೆ ಬಹಳ ಹೊತ್ತು ಇದ್ದರಂತೆ, ಅಧಿಕಾರಿ ಕೆಮ್ಮಿದರಂತೆ. ಹೊರಗೆ ಬಂದು, “ಒಳಗೆ ಒಂದು ಸಣ್ಣ ಪ್ರಾರ್ಥನೆ ಮಾಡಿದೆ,” ಅಂದರು. ಮೆಟ್ಟಿಲಿಳಿಯುತ್ತಾ ತಿರುಗಿ ನೋಡಿದರು. “ಇಷ್ಟೇನಾ? ಇದಕ್ಕಾ ಅಷ್ಟು ವರ್ಷ ಬಾಗಿಲಿಗೆ ಚಿಲಕ ಹಾಕಿದ್ದು?”

ಕಂಟ್ರಾಕ್ಟರೇ ಗೆದ್ದರು, ಅದೂ ದೊಡ್ಡ ಅಂತರದಲ್ಲಿ. ನರ್ಸಮ್ಮ ಮರುದಿನ ಸೈಕಲ್ಲಿನಲ್ಲಿ ಬಂದು ಅತ್ತೆಯ ಕೈ ಅದುಮಿ ಹೋದರು. ಸಭೆಯಲ್ಲಿ ಕೃತಜ್ಞತಾ ಪ್ರಾರ್ಥನೆ ಆಯಿತು. ಅತ್ತೆಗೆ ಅದೇ ಬೆಂಚು, ತಲೆಯ ಮೇಲಿನಿಂದ ಅದೇ ತಟ್ಟೆ.

ಆದರೆ ಒಂದು ಸಂಗತಿ ಯಾರೂ ಎಣಿಸದ ಹಾಗೆ ಆಯಿತು. ಆಸರೆ ಮನೆಯವರಿಗೆ ಓಟಿದೆ, ಕರೆದುಕೊಂಡು ಹೋದರೆ ಅವರು ಹಾಕುತ್ತಾರೆ ಅನ್ನುವುದು ನಗರಸಭೆಯ ಬೇರೆ ಸದಸ್ಯರ ಕಣ್ಣಿಗೆ ಬಿತ್ತು. ಯಾವತ್ತೂ ಆ ಬೀದಿಗೆ ಕಾಲಿಡದವರು ಹಣ್ಣು ಹಿಡಿದುಕೊಂಡು ಬಂದು ಕೋಲಜ್ಜಿಯ ಆರೋಗ್ಯ ವಿಚಾರಿಸತೊಡಗಿದರು. ಸ್ಥಳಾಂತರದ ಪ್ರಸ್ತಾಪವನ್ನು ಕಂಟ್ರಾಕ್ಟರು ನಗರಸಭೆಯ ಮುಂದೆ ತಂದಾಗ ಅವರ ಪಕ್ಷದವರೇ ಆಕಾಶ ನೋಡಿದರು. ಓಟಿಲ್ಲದವರನ್ನು ಊರಾಚೆ ಹಾಕುವುದು ಸುಲಭ, ಓಟಿದ್ದವರನ್ನು ಹಾಕುವುದು ಕಷ್ಟ. ಪ್ರಸ್ತಾಪ ಮೂಲೆ ಸೇರಿತು. ರಸ್ತೆ ಅಗಲ ಮಾಡುವ ನೆಪದಲ್ಲಿ ಆಸರೆ ಮನೆಯ ಮುಂದಿನ ಅಂಗಳ ಹೋಯಿತು. ಮನೆ ಉಳಿಯಿತು.

ಜಾಗ ಸಿಗಲಿಲ್ಲ ಅಂದ ಮೇಲೆ ಸಭಾಮನೆಯೂ ಇಲ್ಲ. ಕಂಟ್ರಾಕ್ಟರಿಗೆ ಭಾನುವಾರ ಬಿಡುವು ಕಡಿಮೆಯಾಯಿತು, ಆಮೇಲೆ ಬಿಡುವೇ ಆಗಲಿಲ್ಲ. ಗೋಡೆಯ ಮೇಲಿನ ನಕ್ಷೆ ಒಂದು ಮೂಲೆ ಬಿಟ್ಟುಕೊಂಡು ನೇತಾಡಿ, ಒಂದು ದಿನ ಕಾಣೆಯಾಯಿತು. ಮುಂದಿನ ಚುನಾವಣೆ ಹತ್ತಿರ ಬಂದಾಗ ಕನ್ನಡಕದ ಮಾವನಿಗೆ ಬೆಳಕು ಮತ್ತೆ ಹಳೆಯ ದಿಕ್ಕಿನಿಂದ ಬಂತು. ನಾವು ಮೇಲಿನ ರಾಜ್ಯದವರು, ಇಲ್ಲಿ ಬಾಡಿಗೆಯವರು, ಓಟು ನಮಗಲ್ಲ. ಅತ್ತೆಗೆ ಬೇರೆಯಾಗಿ ಹೇಳಿಕಳಿಸಿದರು. ಅವತ್ತು ತಪ್ಪಾಯಿತು ಅಂತ ಒಂದು ಮಾತು ಹೇಳಿ ಈ ಸಲ ಪ್ರಾರ್ಥನೆಗೆ ಬಂದರೆ ಮೇಜಿಗೆ ಸೇರಿಸಿಕೊಳ್ಳುತ್ತಾರಂತೆ.

ಹೇಳಲು ಬಂದವರಿಗೆ ಅತ್ತೆ ಟೀ ಕೊಟ್ಟು ಉತ್ತರ ಕೊಟ್ಟರು. “ನನ್ನ ಅಣ್ಣನಿಗೆ ಹೇಳಿ. ಆ ರೊಟ್ಟಿ ಬೇಕು ಅಂತ ನನಗೆ ಎಷ್ಟು ಆಸೆ ಇದೆ ಅಂತ ಅವನಿಗೆ ಗೊತ್ತು. ಸುಳ್ಳು ಹೇಳಿ ತಿಂದ್ರೆ ಅದು ಗಂಟಲಲ್ಲಿ ಇಳಿಯಲ್ಲ ಅಂತಲೂ ಅವನಿಗೆ ಗೊತ್ತು. ಅವನೇ ಕಲಿಸಿದ್ದು.”

ಮತದಾನದ ದಿನ ವ್ಯಾನು ಮತ್ತೆ ಹೊರಟಿತು, ಈ ಸಲ ಯಜಮಾನರೇ ಕೀಲಿ ಕೊಟ್ಟರು. ಆಸರೆ ಮನೆಯವರದು ಮುಗಿಸಿ ಅತ್ತೆ, ನಾನು ಸಾಲಿನಲ್ಲಿ ನಿಂತಿದ್ದೆವು. ಹಿಂದಿನಿಂದ ಯಾರೋ ನನ್ನ ಭುಜ ಮುಟ್ಟಿದರು. ದೊಡ್ಡತ್ತೆ. ಕೈಚೀಲ ಎದೆಗೆ ಅಪ್ಪಿಕೊಂಡಿದ್ದರು, ಮುಖದಲ್ಲಿ ರಕ್ತ ಇರಲಿಲ್ಲ.

“ಅತ್ತಿಗೇ!” ಅಂದರು ಅತ್ತೆ. “ಮಹಡಿ ಬಾಗಿಲಿಗೆ ಚಿಲಕ ಹಾಕಿಲ್ವಾ?”

“ಹಾಕಿದೆ. ನಾನೇ ತೆಗೆದುಕೊಂಡು ಬಂದೆ.” ಆಕೆಯ ಧ್ವನಿ ನಾನು ಎಣಿಸಿದ್ದಕ್ಕಿಂತ ದಪ್ಪಗಿತ್ತು. “ಎಲ್ಲರೂ ಪ್ರಾರ್ಥನೇಲಿ ಕಣ್ಣು ಮುಚ್ಚಿಕೊಂಡಿದ್ರು.”

ಅತ್ತೆ ಆಕೆಯನ್ನು ತಮ್ಮ ಮುಂದೆ ನಿಲ್ಲಿಸಿಕೊಂಡರು. ಸಾಲು ಕರಗಿತು. ನಾವು ಮೂವರೂ ಒಳಗೆ ಹೋಗಿ ಓಟು ಹಾಕಿ ಹೊರಗೆ ಬರುವಷ್ಟರಲ್ಲಿ ಗೇಟಿನ ಬಳಿ ಕನ್ನಡಕದ ಮಾವ ನಿಂತಿದ್ದರು. ಹೆಂಡತಿಯನ್ನು ಹುಡುಕಿಕೊಂಡು ಅವಸರದಲ್ಲಿ ಬಂದಿರಬೇಕು, ಅಂಗಿಯ ಒಂದು ಗುಂಡಿ ತಪ್ಪಿ ಇನ್ನೊಂದು ಕಾಜಕ್ಕೆ ಕೂತಿತ್ತು. ತಂಗಿಯ ಕಡೆ ನೋಡಲಿಲ್ಲ.

“ಬಾ, ಹೋಗೋಣ,” ಅಂದರು ಹೆಂಡತಿಗೆ.

“ಬರ್ತೀನಿ,” ಅಂದರು ದೊಡ್ಡತ್ತೆ. “ನೀವೂ ಹಾಕಿ ಬನ್ನಿ. ಸಾಲು ಈಗ ಸಣ್ಣದಿದೆ.”

ಅತ್ತೆ ಕೂಡ ಬೆಚ್ಚಿ ಆಕೆಯ ಮುಖ ನೋಡಿದರು. ಮಾವ ಶಾಲೆಯ ಬಾಗಿಲ ಕಡೆ ನೋಡಿದರು, ಹೆಂಡತಿಯನ್ನು ನೋಡಿದರು, ಬಹಳ ಹೊತ್ತಿನ ಮೇಲೆ ತಂಗಿಯನ್ನೂ ನೋಡಿದರು. ಓಟು ಹಾಕಲಿಲ್ಲ. ತಿರುಗಿ ನಡೆಯತೊಡಗಿದರು. ನಾವು ಮೂವರು ಅವರ ಹಿಂದೆ, ಅದೇ ಬೀದಿಯಲ್ಲಿ, ಅವರಿಗಿಂತ ನಿಧಾನವಾಗಿ. ಮಹಡಿಯ ಮೆಟ್ಟಿಲು ಬಂದಾಗ ಅವರು ಹತ್ತಿದರು. ದೊಡ್ಡತ್ತೆ ಮೆಟ್ಟಿಲ ಬುಡದಲ್ಲಿ ಒಂದು ಗಳಿಗೆ ನಿಂತರು. ಮೇಲಿನಿಂದ ಹಾಡು ಕೇಳುತ್ತಿತ್ತು, ಮೊದಲ ಸಾಲು ಎತ್ತಿಕೊಡುವವರಿಲ್ಲದೆ ಶ್ರುತಿ ತಪ್ಪಿತ್ತು.

“ಎಷ್ಟು ಕೆಟ್ಟದಾಗಿ ಹಾಡ್ತಿದಾರೆ,” ಅಂದರು ದೊಡ್ಡತ್ತೆ. ಆಮೇಲೆ ಅತ್ತೆಯ ತೋಳು ಹಿಡಿದುಕೊಂಡು, “ನಡಿ, ನಿಮ್ಮನೇಲಿ ಟೀ ಕುಡಿಯೋಣ,” ಅಂದರು.